ಹಗಲಿನ ಪರದೆ

ಲೈಟ್‌ಹೌಸ್ ಅಂದರೆ ರಾತ್ರಿಯ ಕೆಲಸ ಎಂದುಕೊಂಡವರು ನನ್ನ ಸೋದರತ್ತೆಯನ್ನು ನೋಡಿಲ್ಲ. ಅವಳ ಚಿಂತೆಯೆಲ್ಲ ಹಗಲಿನದು. ಮೇಲೆ ದೀಪದ ಸುತ್ತ ಆಳೆತ್ತರದ ಗಾಜಿನ ಪಂಜರವಿತ್ತು. ಒಳಗಿನ ಪುಟ್ಟ ಬೆಳಕನ್ನು ಸಮುದ್ರದ ಆ ಅಂಚಿನವರೆಗೆ ಎಸೆಯುವ ಗಾಜು ಅದು. ಹಗಲಲ್ಲಿ ಅದೇ ಗಾಜು ಉಲ್ಟಾ ಕೆಲಸಕ್ಕೆ ನಿಲ್ಲುತ್ತದೆ: ಹೊರಗಿನ ಬಿಸಿಲನ್ನೆಲ್ಲ ಬಾಚಿ ತಂದು ದೀಪವಿರುವ ಜಾಗಕ್ಕೆ ಸುರಿಯುತ್ತದೆ. ಭೂತಗನ್ನಡಿ ಹಿಡಿದು ಕಾಗದ ಸುಟ್ಟವರಿಗೆಲ್ಲ ಇದು ಗೊತ್ತಿರುವುದೇ. ಅದಕ್ಕೆ ಬೆಳಗಾಗುತ್ತಲೇ ಪಂಜರವಿರುವ ಕೋಣೆಯ ಕಿಟಕಿಗಳಿಗೆ ದಪ್ಪ ಪರದೆ ಎಳೆಯಬೇಕು, ಸಂಜೆ ಸರಿಸಬೇಕು. ಪರದೆ ಹೊಲಿದವಳು ಅತ್ತೆ. ಎಳೆಯಬೇಕಾದವರು ಮಾವ, ಅವಳ ಗಂಡ, ಆ ದೀಪದ ಕಾವಲುಗಾರರು.

ಮಾವ ಕೆಲಸಕ್ಕೆ ಸೇರಿದಾಗ ಪಕ್ಕದಲ್ಲಿ ಬಲೆ ಒಣಗಿಸುವ ಮರಳು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಯಾರೋ ನಾಲ್ಕು ಕೋಣೆಯ ವಸತಿಗೃಹ ಕಟ್ಟಿದರು. ಅದು ಮೈ ತುಂಬಿಕೊಂಡು ರೆಸಾರ್ಟ್ ಆಯಿತು. ಎದುರಿಗೇ ಸಮುದ್ರವಿದ್ದರೂ ಈಜುಕೊಳ ತೋಡಿದರು, ಇದ್ದ ನೀರು ಸಾಲಲಿಲ್ಲವೇನೋ. ಅವರ ಬೋರ್ಡಿನ ಮೇಲೆ ಲೈಟ್‌ಹೌಸ್, ಟವೆಲಿನ ಮೇಲೂ ಲೈಟ್‌ಹೌಸ್. ಮಧ್ಯಾಹ್ನ ಅಲ್ಲಿನ ಮ್ಯಾನೇಜರ್ ಅತಿಥಿಗಳನ್ನು ಮೇಲೆ ಕರೆತರುತ್ತಿದ್ದ. ಪ್ರತಿ ಸಲವೂ ಅವನದು ಒಂದೇ ರಾಗ: ಪರದೆ ಸರಿಸಿದರೆ ಗಾಜಿನಲ್ಲಿ ಕಾಮನಬಿಲ್ಲು ಏಳುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಅತ್ತೆ ಆಗುವುದಿಲ್ಲ ಎನ್ನುತ್ತಿದ್ದಳು, ಯಾಕೆಂದೂ ಹೇಳುತ್ತಿದ್ದಳು. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ.

ಅತ್ತೆ ಸದಾ ಮೇಲೆಯೇ ಇರುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಮಾವನಿಗೆ ಕಣ್ಣು ಹೋಗಿತ್ತು. ಮೊದಲು ಅಂಚು ಮಸುಕಾಯಿತು, ಆಮೇಲೆ ನಡು. ಇದು ವಾಪಸ್ ಬರುವ ಕಣ್ಣಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ದೀಪದ ಬುಡದಲ್ಲಿ ಕತ್ತಲೆ ಎಂದು ಮಾವ ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುತ್ತಿದ್ದರು. ಅತ್ತೆಗೆ ನಗು ಬರುತ್ತಿರಲಿಲ್ಲ. ಕಚೇರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಕೊಟ್ಟ ಮನೆಯೂ ಹೋಗುತ್ತದೆ. ಹಾಗಾಗಿ ದೀಪ ಹಚ್ಚುವುದು, ಗಾಜು ಒರೆಸುವುದು, ಪರದೆ ಎಳೆಯುವುದು ಎಲ್ಲ ಅವಳ ಪಾಲಿಗೆ ಬಂತು. ಮಾವ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಗತ್ತಿನಿಂದ ಕೂರುತ್ತಿದ್ದರು. ಪಂಜರದ ಬಾಗಿಲಿಗೆ ಒಳಗಡೆ ಒಂದು ಚಿಲಕವಿತ್ತು. ಅದಕ್ಕೆ ಅತ್ತೆ ಒಂದು ದಾರ ಕಟ್ಟಿದ್ದಳು. ಗಂಟು ಕೈಗೆ ಸಿಕ್ಕಿದರೆ ಅದೇ ಬಾಗಿಲು.

ವರ್ಷದ ತಪಾಸಣೆಗೆ ಬರುತ್ತಿದ್ದ ಹಳೆಯ ಅಧಿಕಾರಿ ಕೆಳಗೇ ಟೀ ಕುಡಿದು ಸಹಿ ಹಾಕಿ ಹೋಗುತ್ತಿದ್ದರು. ಆ ವರ್ಷ ಹೊಸಬರು ಬಂದರು. ರೆಸಾರ್ಟಿನಲ್ಲೇ ಇಳಿದಿದ್ದರು, ಬಾಲದಂತೆ ಮ್ಯಾನೇಜರನೂ ಹಿಂದೆ. ತಾವೇ ಮೇಲೆ ಹೋಗಿ ನೋಡಬೇಕು, ಕಾವಲುಗಾರರು ತಮ್ಮೆದುರೇ ದೀಪ ಸ್ವಚ್ಛ ಮಾಡಿ ತೋರಿಸಲಿ ಎಂದರು. ಅತ್ತೆಯೂ ಹೊರಟಳು. ಅವರ ಕೆಲಸ ಅವರು ಮಾಡಲಿ, ನೀವ್ಯಾಕೆ ಮೆಟ್ಟಿಲು ಹತ್ತಿ ಸುಸ್ತಾಗುತ್ತೀರಿ ಎಂದು ಅಧಿಕಾರಿಯೇ ತಡೆದರು. ಪಾಪ, ಒಳ್ಳೆಯ ಮಾತೇ ಆಡಿದ್ದು.

ಅತ್ತೆ ಅಂಗಳದಲ್ಲಿ ಒದ್ದೆ ಬಟ್ಟೆ ಹರವುತ್ತ ನಿಂತಳು. ಪಂಜರದೊಳಗೆ ಬಲಕ್ಕೆ ಗಾಜು ಒರೆಸುವ ಸ್ಪಿರಿಟ್ ಬಾಟಲಿ, ಎಡಕ್ಕೆ ಬಟ್ಟೆ, ಬೆಳಿಗ್ಗೆಯೇ ಇಟ್ಟು ಬಂದಿದ್ದಳು. ಈಗ ಮಾವ ಪಂಜರದೊಳಗೆ ಹೋಗಿರುತ್ತಾರೆ. ಯಾರೂ ನುಗ್ಗದಿರಲೆಂದು ಚಿಲಕ ಹಾಕಿಕೊಂಡಿರುತ್ತಾರೆ. ಈಗ ಬಟ್ಟೆಗೆ ಸ್ಪಿರಿಟ್ ಹಾಕಿರುತ್ತಾರೆ. ಅಷ್ಟರಲ್ಲಿ ಹಗ್ಗದ ಮೇಲಿನ ಬಿಳಿ ಚಾದರದ ಮೇಲೆ ಬೆಳಕಿನ ಚೂರೊಂದು ಓಡಾಡಿತು. ಕತ್ತೆತ್ತಿದರೆ ಬಿಸಿಲಿನ ಕಡೆಯ ಪರದೆ ಸರಿದು ಗಾಜು ಫಳಫಳ ಹೊಳೆಯುತ್ತಿತ್ತು.

ಕೂಗಿದರೆ ಸಮುದ್ರದ ಗಾಳಿಗೆ ಕೇಳುವುದಿಲ್ಲ. ಕೈಯಲ್ಲಿದ್ದ ಬಟ್ಟೆ ಎಸೆದು ಓಡಿದಳು. ಏನೂ ಮಾತಾಡದೆ ಪರದೆಯೊಂದನ್ನು ಎಳೆದುಬಿಟ್ಟರೆ ಗುಟ್ಟು ಗುಟ್ಟಾಗೇ ಉಳಿಯುತ್ತದೆ ಎಂದು ಮೆಟ್ಟಿಲುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಮೇಲೆ ಮ್ಯಾನೇಜರ್ ಕ್ಯಾಮೆರಾ ಹಿಡಿದಿದ್ದ. ಅಧಿಕಾರಿ ಗೋಡೆಯ ಮೇಲಿನ ಬಣ್ಣ ನೋಡುತ್ತಿದ್ದರು. ಸ್ಪಿರಿಟ್ಟಿನ ಉರಿ ಬಿಸಿಲಲ್ಲಿ ಕಾಣುವುದಿಲ್ಲ. ಅತ್ತೆ ಪರದೆ ಎಳೆದ ಮೇಲೆಯೇ ಎಲ್ಲರಿಗೂ ಕಂಡಿದ್ದು: ಪಂಜರದೊಳಗೆ ನೀಲಿ ಉರಿ, ಮಾವನ ತೋಳಿಗೂ ಹತ್ತಿತ್ತು. ಗಾಬರಿಯಲ್ಲಿ ಗಿರಕಿ ಹೊಡೆದು ಅವರಿಗೆ ದಿಕ್ಕೇ ತಪ್ಪಿಹೋಗಿತ್ತು. ಒಂದೇ ಕೈಯಲ್ಲಿ ಗಾಜು ತಡವುತ್ತಿದ್ದರು. ಅಧಿಕಾರಿ ಬಾಗಿಲು ದಬ್ಬುತ್ತ ಈ ಕಡೆ, ಈ ಕಡೆ ಎಂದು ಕೈ ತೋರಿಸುತ್ತಿದ್ದರು. ಕಣ್ಣು ಕಾಣದವರಿಗೆ ಈ ಕಡೆ ಅಂದರೆ ಯಾವ ಕಡೆ ಸ್ವಾಮಿ?

ಅತ್ತೆ ಬಾಗಿಲ ಗಾಜಿಗೆ ಬಾಯಿ ಹತ್ತಿಸಿ ನಿಂತಳು. ಬಾಯಿ ಬಿಟ್ಟರೆ ಮನೆ ಹೋಗುತ್ತದೆಂದು ಆಗಲೂ ಅವಳಿಗೆ ನೆನಪಿತ್ತಂತೆ.

"ರೀ, ಬಟ್ಟೆ ಕೆಳಗೆ ಬಿಡಿ. ಬೆನ್ನು ನನ್ನ ಕಡೆಗಿದೆ, ಪೂರ್ತಿ ತಿರುಗಿ. ಈಗ ಎಡಗೈ ಇಳಿಸಿ. ಇನ್ನೂ ಕೆಳಗೆ. ದಾರ ಸಿಕ್ತಾ?"

ಸಿಕ್ಕಿತು. ಚಿಲಕ ಸರಿಯಿತು. ಮೂಲೆಯಲ್ಲಿದ್ದ ಮರಳಿನ ಬಕೆಟ್ಟು ಸುರಿದು, ಒದ್ದೆ ಸೆರಗನ್ನು ಅವರ ತೋಳಿಗೆ ಸುತ್ತಿದಳು. ಮ್ಯಾನೇಜರ್ ಗೋಡೆಗೆ ಅಂಟಿಕೊಂಡಿದ್ದ. ಅಧಿಕಾರಿ ಮಾವನ ಮುಖದೆದುರು ಮೆಲ್ಲಗೆ ಕೈಯಾಡಿಸಿ, ಆಮೇಲೆ ಅತ್ತೆಯನ್ನು ಕೇಳಿದರು.

"ಯಾವಾಗಿಂದ ಕಾಣಲ್ಲಮ್ಮಾ ಇವರಿಗೆ?"

"ತುಂಬಾ ದಿನ ಆಯ್ತು ಸಾರ್. ದೀಪ ಮಾತ್ರ ಒಂದು ರಾತ್ರೀನೂ ತಪ್ಪಿಲ್ಲ."

ಮನೆ ಹೋಯಿತು. ಅದೀಗ ರೆಸಾರ್ಟಿನ ದುಬಾರಿ ಕೋಣೆ. ಪರದೆ ಸರಿಸಿದವನಿಗೆ ಏನೂ ಆಗಲಿಲ್ಲ, ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅತ್ತೆ, ಮಾವ ಮೀನು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆ ಹಿಡಿದರು. ಕಿಟಕಿಯಿಂದ ಗೋಪುರದ ತುದಿ ಕಾಣುತ್ತದೆ. ಕೆಲವು ವರ್ಷಗಳಲ್ಲಿ ಬಂದರಿಗೆ ಬೇರೆ ದೀಪ ಬಂದು, ಹಳೆಯದನ್ನು ಶಾಶ್ವತವಾಗಿ ಆರಿಸಿದರು.

ಮೊನ್ನೆ ಹೋದಾಗ ಸಂಜೆಯಾಗುತ್ತಿತ್ತು. ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ಹತ್ತಿತೇನೇ?"

"ಹತ್ತಿತು," ಎಂದಳು ಅತ್ತೆ.

ಹೊರಗೆ ಗೋಪುರ ಕಪ್ಪಗೆ ನಿಂತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕಾಲು ತುಳಿದಳು. ಮಾವನ ಹೆಗಲು ಸಡಿಲವಾಯಿತು. ಸುಟ್ಟ ಕಲೆಯ ತೋಳನ್ನು ಸವರಿಕೊಂಡು, ಹಾಗಾದರೆ ಊಟಕ್ಕೆ ಹಾಕು ಎಂದರು.

ಅಡುಗೆಮನೆಯಲ್ಲಿ ಅವಳನ್ನು ಕೇಳಿದೆ, ಎಷ್ಟು ದಿನ ಹೀಗೆ ಸುಳ್ಳು ಹೇಳುವುದು ಎಂದು. ಅವಳು ತಟ್ಟೆ ತೊಳೆಯುತ್ತಲೇ ಉತ್ತರ ಕೊಟ್ಟಳು.

"ಅವತ್ತು ಒಂದು ಸಲ ನಿಜ ಹೇಳಿದೀನಲ್ಲ. ಸಾಕು."