ಬಿಟ್ಟ ಜಾಗದಲ್ಲಿ ಹಾಸಿದ ಕಂಬಳಿ

ಮೂರು ವರ್ಷಗಳ ಹಿಂದಿನ ಜನವರಿ. ಶ್ವಾನದಳವೊಂದರಲ್ಲಿ ಇಪ್ಪತ್ತೆರಡು ವರ್ಷ ಹ್ಯಾಂಡ್ಲರ್ ಆಗಿದ್ದು, ಅಂದರೆ ನಾಯಿಯನ್ನು ಪಳಗಿಸಿ ಅದರ ಜೊತೆಗೇ ಡ್ಯೂಟಿ ಮಾಡುವ ಕೆಲಸದಲ್ಲಿದ್ದು, ನಿವೃತ್ತನಾಗಿ ಎರಡು ವರ್ಷವಾಗಿತ್ತು. ಹಲಸೂರಿನ ಮನೆಯಿಂದ ಸ್ಕೂಟರಿನಲ್ಲಿ ಹೊರಟು ಇಂದಿರಾನಗರ, ಜೀವನ್ ಬಿಮಾ ನಗರದ ಸಾಕುನಾಯಿಗಳಿಗೆ ತರಬೇತಿ ಕೊಡುತ್ತಿದ್ದೆ. ಹೆಚ್ಚಿನವು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್. ನಾನು ಬಲ್ಲ ನಾಯಿಗಳು. ಹೊರಮಾವಿನಿಂದ ಬಂದ ಒಂದು ಫೋನಿನಿಂದ ಶುರುವಾದದ್ದನ್ನು ನೆನಪಿರುವಷ್ಟು ಸರಿಯಾಗಿ, ನನ್ನ ಪಾಲನ್ನು ಬಿಡದೆ ಬರೆಯುತ್ತೇನೆ.

ಫೋನ್ ಮಾಡಿದವರು ಗಿರಿಜಾ. ಬಾಗಲಕೋಟೆ ಕಡೆಯವರು. ಗಂಡ ಮಂಜುನಾಥ ಮಹದೇವಪುರದ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದರು. ಲಿಫ್ಟ್ ಇಲ್ಲದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಮನೆ. ಅನಾಥ ನಾಯಿಗಳ ಆಶ್ರಯ ಕೇಂದ್ರದಿಂದ ಅವರು ಎರಡು ವರ್ಷದ ಮುಧೋಳ ನಾಯಿಯನ್ನು ದತ್ತು ತಂದಿದ್ದರು. ತೂಕ ಇಪ್ಪತ್ತೆರಡು ಕೆ.ಜಿ. ಬೇಟೆಯ ತಳಿ. ಇದರ ಬೇಟೆ ಮೂಗಿನದಲ್ಲ, ಕಣ್ಣಿನದು. ದೂರದಲ್ಲಿ ಏನಾದರೂ ಅಲುಗಿದರೆ ಸಾಕು, ಮೈಯೆಲ್ಲ ಕಾಲಾಗುತ್ತದೆ.

ಕೇಂದ್ರದವರು ಅದಕ್ಕೆ ರಾಕೆಟ್ ಎಂದು ಹೆಸರಿಟ್ಟಿದ್ದರು.

"ರಾಕೆಟ್ ಅಂದ್ರ ಹೋಗಿದ್ದು ತಿರುಗಿ ಬರಂಗಿಲ್ರಿ ಸರ್," ಎಂದರು ಗಿರಿಜಾ. "ಅದಕ್ಕ ನಾವು ಮಲ್ಲ ಅಂತ ಇಟ್ಟೇವಿ."

ನಾನು ಮೊದಲ ಸಲ ಮನೆಗೆ ಹೋದಾಗ ಹೀಗೆ ನಗುತ್ತಾ ಹೇಳಿದ ಅವರ ಬಲಗೈಗೆ ಪ್ಲಾಸ್ಟರ್ ಇತ್ತು. ಮನೆಗೆ ಬಂದ ಎಂಟನೇ ದಿನ ಮಲ್ಲ ಕೆಳಗಿನ ಪಾರ್ಕಿಂಗಿನಲ್ಲಿ ಬೆಕ್ಕು ಕಂಡು ಮೆಟ್ಟಿಲ ಮೇಲಿಂದ ಹಾರಿದ್ದ. ಬೆಲ್ಟ್ ಹಿಡಿದಿದ್ದ ಗಿರಿಜಾ ಒಂಬತ್ತು ಮೆಟ್ಟಿಲು ಉರುಳಿ ಮಣಿಕಟ್ಟು ಮುರಿದುಕೊಂಡಿದ್ದರು. ಅದಾದ ಮೇಲೆ ಅಪಾರ್ಟ್‌ಮೆಂಟಿನ ಸಂಘ ನೋಟಿಸ್ ಕೊಟ್ಟಿತು: ಮೂವತ್ತು ದಿನದಲ್ಲಿ ನಾಯಿ ಹತೋಟಿಗೆ ಬರಬೇಕು, ಇಲ್ಲವೇ ಹೊರಗೆ ಹೋಗಬೇಕು. ಮಲ್ಲನನ್ನು ಮೊದಲೇ ಎರಡು ಮನೆಯವರು ವಾಪಸ್ ಮಾಡಿದ್ದರು. ಮೂರನೇ ಸಲ ಬಂದ ನಾಯಿಯನ್ನು ಕೇಂದ್ರದವರು ಮತ್ತೆ ದತ್ತು ಕೊಡುವುದಿಲ್ಲ. ಆರಡಿ ಬೋನಿನಲ್ಲೇ ಅದರ ಉಳಿದ ಆಯುಷ್ಯ ಕಳೆಯುತ್ತದೆ. ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿ ಬೋನಿನಲ್ಲಿ ಎಷ್ಟು ದಿನ ಬದುಕೀತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಪಾರ್ಟ್‌ಮೆಂಟಿನ ಹಿಂದೆ ನಾಲ್ಕೂ ಕಡೆ ಎತ್ತರದ ಗೋಡೆಯಿದ್ದ ಖಾಲಿ ಸೈಟಿತ್ತು, ನಲವತ್ತು-ಅರವತ್ತು ಅಡಿಯದು. ಅಲ್ಲಿ ಪಾಠ ಶುರು ಮಾಡಿದೆ. ಮಲ್ಲನಿಗೆ ತಿಂಡಿಯ ಆಸೆ ಇರಲಿಲ್ಲ. ಚಿಕನ್ ತುಂಡನ್ನು ಮೂಸಿ ಮುಖ ತಿರುಗಿಸುತ್ತಿದ್ದ. ಹಳೆಯ ಬಟ್ಟೆಯ ತುಂಡನ್ನು ದಾರಕ್ಕೆ ಕಟ್ಟಿ ಎಳೆದರೆ ಮಾತ್ರ ಜೀವ ಬರುತ್ತಿತ್ತು. ಅದನ್ನೇ ಬಹುಮಾನ ಮಾಡಿದೆ. ಸೀಟಿ ಊದಿದರೆ ಓಡಿ ಬರಬೇಕು, ಬಂದರೆ ಬಟ್ಟೆ. ಹತ್ತೊಂಬತ್ತನೇ ದಿನ ಹತ್ತು ಸೀಟಿಗೆ ಹತ್ತು ಸಲ ಬಂದ. ನೋಡಲು ಬಂದಿದ್ದ ಸಂಘದ ಕಾರ್ಯದರ್ಶಿ, "ಪರವಾಗಿಲ್ಲ ಕಣ್ರೀ, ಮನುಷ್ಯರಿಗಿಂತ ಚೆನ್ನಾಗಿ ಮಾತು ಕೇಳುತ್ತೆ," ಎಂದರು. ನನಗೆ ಹೆಮ್ಮೆಯಾಯಿತು. ಗೋಡೆಯೊಳಗೆ ಅವನಿಗೆ ದೂರ ಎಂಬುದೇ ಕಾಣುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಮುಂದಿನದು ಬಯಲಿನ ಪರೀಕ್ಷೆ. ಕೆರೆಯ ಪಕ್ಕ ಇನ್ನೂ ಮನೆ ಏಳದ ಬಡಾವಣೆಯೊಂದಿತ್ತು. ಹತ್ತು ಮೀಟರ್ ಹಗ್ಗ ಕಟ್ಟಿ ಎರಡು ದಿನ ಅಲ್ಲಿ ಓಡಿಸಿದೆ, ಕರೆದಾಗಲೆಲ್ಲ ಬಂದ. ಮೂರನೇ ದಿನ ಶನಿವಾರ, ಸಂಜೆ ನಾಲ್ಕೂ ನಲವತ್ತಕ್ಕೆ ನಾನು ಹಗ್ಗದ ಕೊಂಡಿಗೆ ಕೈ ಹಾಕಿದೆ.

"ಹಗ್ಗ ಇರ್ಲಿ ಬಿಡ್ರಿ ಸರ್," ಎಂದರು ಗಿರಿಜಾ.

"ಇಪ್ಪತ್ತೆರಡು ವರ್ಷ ಇದೇ ಕೆಲ್ಸ ಮಾಡಿದೀನಮ್ಮ," ಎಂದು ಬಿಚ್ಚಿದೆ.

ಮಲ್ಲ ಹತ್ತು ಹೆಜ್ಜೆ ಹೋಗಿ ನಿಂತ. ಕಿವಿ ನಿಮಿರಿತು. ಬಯಲಿನಾಚೆ ಅವನೇನು ಕಂಡನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮೂರು ಸಲ ಸೀಟಿ ಊದುವಷ್ಟರಲ್ಲಿ ಅವನು ಚುಕ್ಕೆಯಾಗಿದ್ದ. ನಾಲ್ಕನೆಯದಕ್ಕೆ ಅದೂ ಇರಲಿಲ್ಲ.

ಅರ್ಧ ಗಂಟೆಯಲ್ಲಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಿಂದ ಹದಿನಾಲ್ಕು ಜನ ಸೇರಿದರು, ಆರು ಬೈಕು. ದಳದಲ್ಲಿ ಮಾಡುತ್ತಿದ್ದಂತೆ ದಿಕ್ಕು ಹಂಚಿದೆ. ರಿಂಗ್ ರೋಡ್ ಕಡೆ ಇಬ್ಬರು, ರೈಲ್ವೆ ಹಳಿಯ ಕಡೆ ಇಬ್ಬರು, ಹೀಗೆ. ಆಗ ಗಿರಿಜಾ ಮನೆಯಿಂದ ಕರಿ ಕಂಬಳಿಯೊಂದನ್ನು ಹೊತ್ತು ತಂದರು. ಮಲ್ಲ ದಿನಾ ಅದರ ಮೇಲೇ ಮಲಗುತ್ತಿದ್ದ.

"ನಮ್ಮಪ್ಪ ಕುರಿ ಕಾಯಾಂವ ಸರ್. ಮೊಲದ ಹಿಂದ ಹೋದ ನಾಯೀನ ಯಾವತ್ತೂ ಹುಡಿಕ್ಯಾಡತಿರಲಿಲ್ಲ. ಎಲ್ಲಿ ಬಿಟ್ಟಿದ್ನೋ ಅಲ್ಲೇ ಕಂಬಳಿ ಹಾಸಿ ಬೆನ್ನು ತಿರುಗಿಸಿ ಕುಂದರತಿದ್ದ. ಓಟ ಮುಗದ ಮ್ಯಾಲೆ ತಾನ ಬರತಿತ್ರಿ. ನಾ ಇಲ್ಲೇ ಕುಂದರತೀನಿ."

"ಅದು ನಿಮ್ಮೂರ ಹೊಲ ಕಣಮ್ಮ. ಇಲ್ಲಿ ಸುತ್ತ ಟ್ರಾಫಿಕ್ಕು, ಕೂತ್ಕೊಂಡು ಕಾಯಕ್ಕಾಗಲ್ಲ. ನೀವು ಹೋಗಿ ಗೇಟ್ ಹತ್ರ ನಿಂತ್ಕೊಳ್ಳಿ, ಮನೆ ಹುಡುಕ್ಕೊಂಡು ಬಂದ್ರೂ ಬರ್ಬೋದು."

ಅವರು ನನ್ನ ಮುಖ ನೋಡಿದರು. ಕಂಬಳಿ ಮಡಚಿಕೊಂಡು ಹೋದರು. ಬಯಲಿನಲ್ಲಿ ಯಾರೂ ಉಳಿಯಲಿಲ್ಲ.

ಆರೂ ಹತ್ತಕ್ಕೆ ನಾನು ರೈಲ್ವೆ ಹಳಿಯ ಪಕ್ಕ ಇದ್ದಾಗ ಬೈಕಿನವನೊಬ್ಬ ಫೋನ್ ಮಾಡಿದ. "ಸಾರ್, ಕಾಣಿಸ್ತು! ಅದೇ ಗ್ರೌಂಡಲ್ಲಿ ನಿಂತಿದೆ!"

"ಬಿಡ್ಬೇಡಿ, ಸುತ್ತ ಹಾಕ್ಕೊಳ್ಳಿ, ಹಿಡೀರಿ!" ಎಂದು ಕಿರುಚಿದೆ. ಅದು ನನ್ನ ಮಾತು. ಬೇರೆಯವರ ಮೇಲೆ ಹಾಕುವಂತಿಲ್ಲ.

ಮೂರು ಬೈಕು ಹೆಡ್‌ಲೈಟ್ ಹಾಕಿಕೊಂಡು ಒಟ್ಟಿಗೆ ನುಗ್ಗಿದವು. ಫೋನಿನಲ್ಲಿ, "ಗುರು, ಇದು ನಾಯಿ ಅಲ್ಲ, ಬುಲೆಟ್ಟು!" ಎಂಬ ಕೂಗು ಕೇಳಿತು. ಆಮೇಲೆ ಸರ್ವಿಸ್ ರಸ್ತೆಯ ಕಡೆಯಿಂದ ಬ್ರೇಕಿನ ಸದ್ದು. ಅದು ಫೋನಿಲ್ಲದೆಯೂ ಕೇಳಿತು.

ನಾನು ತಲುಪಿದಾಗ ನಾಯಿ ಇರಲಿಲ್ಲ. ಡಿಕ್ಕಿ ಹೊಡೆದ ಕಾರಿನವರು ಇಳಿದು ನಿಂತಿದ್ದರು. ಟಾರಿನ ಮೇಲೆ ರಕ್ತದ ಹನಿಗಳು ಸಾಲಾಗಿ ರಸ್ತೆ ದಾಟಿ, ಆಚೆಯ ಹುಲ್ಲಿನಲ್ಲಿ ಕಾಣದಾದವು.

ಭಾನುವಾರ ಬೆಳಗ್ಗೆ ಬಯಲಿನ ಅಂಚಿನಲ್ಲಿ ಅರ್ಧ ಕಟ್ಟಿ ನಿಂತಿದ್ದ ಕಟ್ಟಡದ ವಾಚ್‌ಮನ್ ನನ್ನನ್ನು ಕರೆದು ಹೇಳಿದ: "ಆ ಉದ್ದ ಮೂತಿ ನಾಯಿ ತಾನೇ ಸಾರ್? ಬೈಕ್‌ನೋರು ಬರೋಕ್ಮುಂಚೆ ಹತ್ತು ನಿಮಿಷ ಅಲ್ಲೇ ನಿಂತಿತ್ತು. ನೆಲ ಮೂಸೋದು, ಈ ಕಡೆ ನೋಡೋದು, ಆ ಕಡೆ ನೋಡೋದು. ಯಾರನ್ನೋ ಕಾಯೋ ಥರ."

ಅವನು ಕೈ ತೋರಿಸಿದ ಜಾಗ, ನಾನು ಕೊಂಡಿ ಬಿಚ್ಚಿದ ಜಾಗ. ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತುಬಿಟ್ಟೆ. ಮಲ್ಲ ನಮ್ಮನ್ನು ಬಿಟ್ಟು ಓಡಿಹೋಗಿರಲಿಲ್ಲ. ಓಟ ಮುಗಿಸಿ ಸರಿಯಾಗಿ ವಾಪಸ್ ಬಂದಿದ್ದ. ಜಾಗ ಖಾಲಿ ಮಾಡಿಸಿದ್ದು ನಾನು. ಅವನನ್ನು ರಸ್ತೆಗೆ ಅಟ್ಟಿಸಿದ್ದೂ ನಾನು.

ಮಧ್ಯಾಹ್ನದವರೆಗೂ ಹುಡುಕಿದೆವು, ಸುಳಿವಿಲ್ಲ. ನಾಲ್ಕು ಗಂಟೆಗೆ ಗಿರಿಜಾ ಮನೆಗೆ ಹೋದೆ. ಬಾಗಿಲು ತೆಗೆದ ಮಂಜುನಾಥ ನನ್ನ ಮೇಲೆ ರೇಗಿದ್ದರೆ ಹಗುರವಾಗುತ್ತಿತ್ತೇನೋ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ವಾಚ್‌ಮನ್ ಹೇಳಿದ್ದನ್ನು ಇಬ್ಬರಿಗೂ ಹೇಳಿದೆ. "ನೀವು ಹೇಳಿದಂಗೇ ಮಾಡೋಣಮ್ಮ," ಎಂದೆ. ಅವರು ಆಗಲೇ ಕಂಬಳಿ ಕೈಗೆತ್ತಿಕೊಂಡಿದ್ದರು.

ಎಲ್ಲರನ್ನೂ ವಾಪಸ್ ಕಳಿಸಿದೆ. ಗಿರಿಜಾ ಕಂಬಳಿ ಹಾಸಿ, ಬಯಲಿಗೆ ಬೆನ್ನು ಮಾಡಿ ಕುಳಿತರು. ನಾನು, ಮಂಜುನಾಥ ವಾಚ್‌ಮನ್‌ನ ಕಟ್ಟಡದ ಒಳಗೆ ನಿಂತೆವು. ಹೊತ್ತು ಮುಳುಗಿತು. ಬರಲಿಲ್ಲ. ಕಂಬಳಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದ ಗಿರಿಜಾ, ಸೋಮವಾರ ಬೆಳಕು ಹರಿಯುವ ಮೊದಲೇ ಮತ್ತೆ ಬಂದು ಕುಳಿತರು. ಅಷ್ಟು ರಕ್ತ ಹೋದ ನಾಯಿ ಬದುಕಿರಲಾರದು ಎಂದು ನನ್ನ ಲೆಕ್ಕ ಹೇಳುತ್ತಿತ್ತು. ಆ ಎರಡು ದಿನ ನನ್ನ ಲೆಕ್ಕಗಳೆಲ್ಲ ತಪ್ಪಿದ್ದವು ಎಂಬುದಷ್ಟೇ ಆಸೆಗೆ ಉಳಿದಿದ್ದ ಆಧಾರ.

ಆರೂ ಇಪ್ಪತ್ತಕ್ಕೆ ಹುಲ್ಲಿನಿಂದ ಮಲ್ಲ ಹೊರಬಂದ. ಮೂರು ಕಾಲಿನಲ್ಲಿ. ಹಿಂದಿನ ಎಡಗಾಲು ನೇತಾಡುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಮಂಜುನಾಥ ಮುಂದೆ ಹೋಗಹೊರಟರು, ಅವರ ತೋಳು ಹಿಡಿದು ನಿಲ್ಲಿಸಿದೆ. ಆ ಮೂರು ದಿನದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಮಲ್ಲ ಕಂಬಳಿ ಮೂಸಿದ. ಸುತ್ತು ಹಾಕಿ ಮಲಗಿದ. ಗಿರಿಜಾ ತಿರುಗಲಿಲ್ಲ.

"ಬಂದಿ ಏನಪಾ?" ಎಂದರು, ಎದುರಿನ ಗಾಳಿಗೆ ಹೇಳುವಂತೆ.

ಬೆಲ್ಟ್ ಹಾಕಲು ಇನ್ನೂ ಕಾಲು ಗಂಟೆ ಕಾದರು. ಆಮೇಲೆ ಕಂಬಳಿಯ ನಾಲ್ಕು ಮೂಲೆ ಹಿಡಿದು ನಾವು ಅವನನ್ನು ಕಾರಿಗೆ ಎತ್ತಿದೆವು.

ಇಂದಿರಾನಗರದ ಪಶುವೈದ್ಯರು ಎಕ್ಸ್‌ರೇ ನೋಡಿ, ಮೂಳೆ ಎರಡು ಕಡೆ ಮುರಿದಿದೆ, ಮೂವತ್ತಾರು ಗಂಟೆ ಕಾಲನ್ನು ಮಣ್ಣಿನಲ್ಲಿ ಎಳೆದಾಡಿದೆ, ಅದನ್ನು ಉಳಿಸಲಾಗದು ಎಂದರು. ಅವತ್ತೇ ತೆಗೆದರು. ನಡೆದದ್ದನ್ನೆಲ್ಲ ಬರೆದು, ತಪ್ಪು ತರಬೇತಿಯದು, ನಾಯಿಯದಲ್ಲ ಎಂದು ಸಂಘಕ್ಕೆ ಪತ್ರ ಕೊಟ್ಟೆ. ಕಾರ್ಯದರ್ಶಿ ನೋಟಿಸನ್ನು ಹಿಂದಕ್ಕೆ ಪಡೆದರು. ಪತ್ರ ನೋಡಿ ಪಡೆದರೋ, ಮೂರು ಕಾಲು ನೋಡಿಯೋ, ನಾನು ಕೇಳಲಿಲ್ಲ.

ಆಸ್ಪತ್ರೆಯಿಂದ ಮನೆಗೆ ತಂದ ದಿನ ಕ್ಷಮೆ ಕೇಳಲು ಹೋದೆ. ಇನ್ನು ಈ ಕೆಲಸ ಸಾಕು ಎಂದು ನಿರ್ಧರಿಸಿಕೊಂಡೇ ಹೋಗಿದ್ದೆ. ಗಿರಿಜಾ ಪೂರ್ತಿ ಕೇಳಿಸಿಕೊಂಡರು.

"ತಪ್ಪಾತು ಅಂತ ಹೇಳಿ ಹೊಂಟುಬಿಟ್ರ ಹೆಂಗ್ರಿ ಸರ್? ನಾಳೆ ಬರ್ರಿ. ಅವಂಗ ಮೂರು ಕಾಲಾಗ ಮೆಟ್ಟಿಲ ಇಳಿಯೋದು ಕಲಸ್ರಿ."

ಈಗಲೂ ನಾಯಿಗಳಿಗೆ ಕಲಿಸುತ್ತೇನೆ. ಹೊಸ ಮನೆಗೆ ಹೋದರೆ ಮೊದಲ ದಿನ ಆಜ್ಞೆ ಕೊಡುವುದಿಲ್ಲ. ನಾಯಿ ಯಾವುದರ ಮೇಲೆ ಮಲಗುತ್ತದೆ ಎಂದು ಕೇಳುತ್ತೇನೆ, ಅದನ್ನು ಸಾಕಿದವರು ಹೇಳುವುದನ್ನು ಬರೆದುಕೊಳ್ಳುತ್ತೇನೆ. ಕಳೆದುಹೋದ ನಾಯಿಯ ವಿಷಯಕ್ಕೆ ಯಾರಾದರೂ ಫೋನ್ ಮಾಡಿದರೆ, ಮೊದಲು ಒಬ್ಬರು ಬಿಟ್ಟ ಜಾಗಕ್ಕೆ ಹೋಗಿ ಕೂತುಕೊಳ್ಳಿ ಎನ್ನುತ್ತೇನೆ.

ಅಂದು ಗಿರಿಜಾ ಕರೆದ ಮರುದಿನವೇ ಹೊರಮಾವಿಗೆ ಹೋಗಿದ್ದೆ. ಎರಡು ಮಹಡಿಗೆ ಮೂವತ್ತಾರು ಮೆಟ್ಟಿಲು. ಮಲ್ಲ ಮೇಲೆ ನಿಂತು ಕೆಳಗೆ ನೋಡಿ ನಡುಗುತ್ತಿದ್ದ. ನಾನು ಒಂದು ಮೆಟ್ಟಿಲು ಕೆಳಗಿಳಿದು, ಅವನಿಗೆ ಬೆನ್ನು ಮಾಡಿ ಕುಳಿತೆ. ಸೀಟಿ ಊದಲಿಲ್ಲ. ಬಹಳ ಹೊತ್ತಿನ ಮೇಲೆ ಭುಜಕ್ಕೆ ಬಿಸಿಯುಸಿರು ತಾಗಿತು.