ಎರಡನೆಯ ಚರಣದ ಬೆಂಡೆಕಾಯಿ

ಬೆಂಡೆಕಾಯಿ ತೊಳೆದು ಬಟ್ಟೆಯಲ್ಲಿ ಒರೆಸುವಾಗಲೆಲ್ಲ ನನಗೆ ಒಂದು ಹಿಂದಿ ಪಾಪ್ ಹಾಡು ನೆನಪಾಗುತ್ತದೆ. ನಗಬೇಡಿ ಮಿತ್ರರೇ, ಮಲ್ಲಿಗೆಯ ಪರಿಮಳಕ್ಕೋ ಹುಣ್ಣಿಮೆಯ ಬೆಳಕಿಗೋ ಹಾಡು ನೆನಪಾಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ, ನನ್ನ ಪಾಲಿಗೆ ಬಂದದ್ದು ಈ ಲೋಳೆಯ ತರಕಾರಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೈದರಾಬಾದಿನ ಬಾಲಾನಗರದಲ್ಲಿ ನಮ್ಮ ಮನೆ. ಕಲಬುರಗಿ ಕಡೆಯಿಂದ ಬಂದ ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದರು. ನಾನು ಊರಿಗೆ ಊರೇ ಕಲಿಯುತ್ತಿದ್ದ ಕಂಪ್ಯೂಟರ್ ಕೋರ್ಸಿಗೆ ಹೋಗುತ್ತಿದ್ದೆ. ಆಗ ಟಿವಿಯಲ್ಲಿ ಸಿನಿಮಾದ ಹಂಗಿಲ್ಲದ ಹಾಡುಗಳು ಬರುತ್ತಿದ್ದವು, ನಿಮಗೂ ನೆನಪಿರಬೇಕು: ಉದ್ದಗೂದಲಿನ ಹುಡುಗನೊಬ್ಬ ಕಾರಣವಿಲ್ಲದೆ ಮರಳುಗಾಡಿನಲ್ಲಿ ಗಿಟಾರ್ ಹಿಡಿದು ನಿಂತಿರುತ್ತಿದ್ದ, ಅವನ ಹುಡುಗಿ ಕಾರಣವಿಲ್ಲದೆ ಜೀಪು ಹತ್ತಿ ಹೋಗಿಬಿಡುತ್ತಿದ್ದಳು, ಆ ಪುಟ್ಟ ವಿರಹಕ್ಕೆ ನಾವು ವಾರಗಟ್ಟಲೆ ಕೊರಗುತ್ತಿದ್ದೆವು. ಕೋಠಿ ಪೇಟೆಯ ಅಂಗಡಿಗಳಲ್ಲಿ ಕ್ಯಾಸೆಟ್ ಸಿಗುತ್ತಿತ್ತು, ನಿಜ. ಆದರೆ ಅದರಲ್ಲಿ ಕೇಳುವಂಥದ್ದು ಒಂದೇ ಹಾಡು, ಉಳಿದವೆಲ್ಲ ಮದುಮಗನ ಜೊತೆ ಬಂದ ದಿಬ್ಬಣದವರಂತೆ. ಒಂದು ಹಾಡಿಗಾಗಿ ಇಡೀ ದಿಬ್ಬಣವನ್ನು ಮನೆಗೆ ತರಲು ಅವ್ವ ಒಪ್ಪುತ್ತಿರಲಿಲ್ಲ.

ಹಾಗಾಗಿ ನಾವು ಹಾಡು ‘ಹಿಡಿಯುತ್ತಿದ್ದೆವು’. ಟಿವಿಯ ಎದುರು ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಹಾಡು ಶುರುವಾಗುತ್ತಲೇ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಮುಗಿಯುವವರೆಗೆ ಫ್ಯಾನ್ ಬಂದ್, ಕುಕ್ಕರಿನ ಒಲೆ ಬಂದ್, ಮನೆಮಂದಿಯ ಬಾಯಿಯೂ ಬಂದ್. ಈ ವ್ರತ ಕೆಡುತ್ತಿದ್ದುದು ಅಪ್ಪನಿಂದ. ವರ್ಷಗಟ್ಟಲೆ ಲೇತಿನ ಗದ್ದಲಕ್ಕಿಂತ ಮೇಲಿನ ದನಿಯಲ್ಲಿ ಮಾತಾಡಿದ ಅವರಿಗೆ ಪಿಸುಮಾತೆಂಬುದೇ ಬರುತ್ತಿರಲಿಲ್ಲ.

ನನ್ನ ಪ್ರಾಣವೇ ಆಗಿದ್ದ ಹಾಡು ಒಂದು ಸಂಜೆ ಬಂತು. ಎರಡನೆಯ ಚರಣದಲ್ಲಿ ಗಾಯಕ ದನಿ ತಗ್ಗಿಸಿ ಇನ್ನೇನು ಅಳಬೇಕು, ಬಾಗಿಲು ಕಿರ್ರೆಂದಿತು.

“ಬೆಂಡಿಕಾಯಿ ಭಾಳ ಎಳೇವು ಸಿಕ್ಕಾವ ನೋಡು” ಎಂದರು ಅಪ್ಪ.

“ಶ್, ಹುಡುಗಿ ಹಾಡ ಹಿಡ್ಯಾಕತ್ತಾಳ್ರಿ” ಎಂದಳು ಅವ್ವ.

“ಹೌದೇನು? ತಗೋ, ನಾ ಮಾತಾಡಂಗಿಲ್ಲ.” ಮತ್ತೆ, ತಾವು ಪಿಸುಗುಟ್ಟುತ್ತಿದ್ದೇವೆಂದೇ ನಂಬಿ, “ನಾ ಏನೂ ಮಾತಾಡಿಲ್ಲ ಬಿಡವಾ” ಎಂದೂ ಸೇರಿಸಿದರು.

ಅಷ್ಟೂ ಟೇಪಿಗೆ ಹತ್ತಿತು. ಸಿಟ್ಟಿಗೆ ಅಂದಿನ ಪಲ್ಯವನ್ನು ನಾನು ಮುಟ್ಟಲಿಲ್ಲ.

ಮುಂದೆ ಊರಿನ ಇನ್ನೊಂದು ಅಂಚಿನ ಕೊಂಡಾಪುರದಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು. ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ದಾರಿಯಲ್ಲಿ, ಆಫೀಸಿಗೆ ಒಯ್ಯುವ ಕಾರಿನ ರೇಡಿಯೋದಲ್ಲಿ ಒಮ್ಮೆ ಅದೇ ಹಾಡು ಬಂತು. ಎರಡನೆಯ ಚರಣಕ್ಕೆ ಕಿವಿ ನೆಟ್ಟು ಕುಳಿತೆ. ಗಾಯಕ ದನಿ ತಗ್ಗಿಸಿದ, ಅತ್ತ, ಮುಂದೆ ಹೋದ. ಬೆಂಡೆಕಾಯಿ ಬರಲೇ ಇಲ್ಲ. “ಯಾಕೆ, ಹಾಡು ಇಷ್ಟ ಆಗ್ಲಿಲ್ವಾ?” ಎಂದಳು ಪಕ್ಕದಲ್ಲಿದ್ದ ಮೈಸೂರಿನ ಗೆಳತಿ. “ಏನೋ ಕಡಿಮಿ ಐತಿ” ಎಂದೆ. ಹಾಡನ್ನು ಪ್ರೀತಿಸಿದೆವೆಂದು ನಾವು ತಿಳಿದಿರುತ್ತೇವೆ. ಅದು ಬರಿಯ ಗೋಡೆಯ ಗೂಟ, ನಾವು ಮರಳಿ ಬರುವುದು ಅದಕ್ಕೆ ತೂಗುಹಾಕಿದ ಅಂಗಿಗಾಗಿ.

ನನ್ನ ಮಗಳು ಹುಟ್ಟುವ ಮೊದಲೇ ಅಪ್ಪನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ, ಲೇತನ್ನೇ ಗೆದ್ದಿದ್ದ ಆ ದನಿ ಹೋಯಿತು. ಈಗ ಅವರದು ಕೈಸನ್ನೆಯ ಮಾತು. ಮೊನ್ನೆ ಮಗಳು ಕೇಳಿದಳು: “ಅಮ್ಮಾ, ಅಜ್ಜನ ದನಿ ಹೆಂಗಿತ್ತು?” ಅನುಕರಿಸಲು ಹೋಗಿ ಸೋತೆ. ನನ್ನ ಮದುವೆಯ ವಿಡಿಯೋದಲ್ಲೂ ಅವರ ಮಾತಿನ ಮೇಲೆ ಸಿನಿಮಾ ಹಾಡು ಕೂರಿಸಿಬಿಟ್ಟಿದ್ದಾರೆ. ಈ ಭೂಮಿಯ ಮೇಲೆ ಅಪ್ಪನ ದನಿ ಉಳಿದಿದ್ದರೆ ಅದು ಆ ಕ್ಯಾಸೆಟ್ಟಿನಲ್ಲಿ ಮಾತ್ರ ಎಂದು ಹೊಳೆದಾಗ ನನಗೆ ನಿಜಕ್ಕೂ ಭಯವಾಯಿತು.

ಕ್ಯಾಸೆಟ್ ಸಿಕ್ಕಿತು. ರೀಲು ಸುಕ್ಕುಗಟ್ಟಿತ್ತು, ಒಮ್ಮೆ ಓಡಿದರೆ ಹೆಚ್ಚು. ಪೆನ್ಸಿಲು ತೂರಿಸಿ ಮೆಲ್ಲಗೆ ಬಿಗಿಮಾಡಿ, ಸ್ಟೂಲಿನ ಮೇಲೆ ಹಳೆಯ ಟೇಪ್ ರೆಕಾರ್ಡರನ್ನೂ ಅದರೆದುರು ನನ್ನ ಫೋನನ್ನೂ ಇಟ್ಟೆ. ಯಾರೂ ಹೇಳದೆಯೇ ಅಪ್ಪ ಎದ್ದು ಫ್ಯಾನ್ ಆರಿಸಿದರು, ಒಲೆ ಆರಿಸಿದರು, ನಮ್ಮೆಲ್ಲರತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

ಎರಡನೆಯ ಚರಣ ಬಂತು, ಬಾಗಿಲು ಕಿರ್ರೆಂದಿತು, ಬೆಂಡೆಕಾಯಿ ಬಂತು. ಅಪ್ಪ ತಮ್ಮ ಮಾತಿಗೆ ತಾವೇ ತುಟಿ ಆಡಿಸುತ್ತಿದ್ದರು. ನಾನು ಅವರತ್ತ ನೋಡಲಾರದೆ ಫೋನನ್ನು ನೋಡುತ್ತ ಕೂತೆ. ಮಗಳಿಗೆ ತಡೆಯಲಾಗಲಿಲ್ಲ. “ಇಷ್ಟು ಜೋರ ಮಾತಾಡ್ತಿದ್ದೇನು ಅಜ್ಜಾ ನೀನು?” ಎಂದೇಬಿಟ್ಟಳು. ಹಾಡು ಮುಗಿದದ್ದೇ ಯಂತ್ರ ರೀಲನ್ನು ನುಂಗಿ ತುಂಡರಿಸಿತು. ಉಳಿದಿರುವುದು ಫೋನಿನ ಪ್ರತಿ; ಅದರಲ್ಲಿ ಅಜ್ಜನ ಬೆನ್ನಿಗೇ ಮೊಮ್ಮಗಳೂ ಇದ್ದಾಳೆ.

ನಿನ್ನೆ ಅಪ್ಪ ಸಂತೆಯಿಂದ ಬಂದು, ಚೀಲದಿಂದ ಒಂದು ಬೆಂಡೆಕಾಯಿ ತೆಗೆದು, ನನ್ನ ಕಿವಿಯ ಬಳಿ ಹಿಡಿದು ಅದರ ತುದಿ ಮುರಿದರು. ಟಕ್ಕೆಂದಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯಿಂದ ಮಗಳು, ಓಣಿಗೆಲ್ಲ ಕೇಳುವಂತೆ, “ಭಾಳ ಎಳೇವು ಸಿಕ್ಕಾವ ನೋಡು” ಎಂದು ಕೂಗಿದಳು.

ಪಲ್ಯವನ್ನು ನಾನು ಎರಡು ಸಲ ಹಾಕಿಸಿಕೊಂಡೆ.