ತಿಮ್ಮರಾಯಣ್ಣ ಮರೆತಿರಲಿಲ್ಲ

ಆ ದಿನ ರೇಡಿಯೇಟರಿಗೆ ನೀರು ಹಾಕದವಳು ನಾನು. ತಿಮ್ಮರಾಯಣ್ಣ ಮರೆತರೆಂದು ಪುಸ್ತಕದಲ್ಲಿ ಬರೆದವಳೂ ನಾನೇ. ಮೂರು ವರ್ಷವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಬರೆಯುತ್ತ ಬರೆಯುತ್ತ ನನ್ನನ್ನು ನಾನೇ ಕ್ಷಮಿಸಿಕೊಂಡುಬಿಡಬಹುದು.

ತಿಮ್ಮರಾಯಣ್ಣ ನಮ್ಮ ವ್ಯಾನಿನ ಡ್ರೈವರು. ಉದ್ದನಪಳ್ಳಿ ಕಡೆಯಿಂದ ಸಾನಮಾವು ಕಾಡು ದಾಟಿ ಹೊಸೂರಿನ ಕಾರ್ಖಾನೆಗೆ ನಮ್ಮನ್ನು, ಹನ್ನೊಂದು ಹೆಂಗಸರನ್ನು, ದಿನವೂ ಕರೆದೊಯ್ಯುತ್ತಿದ್ದರು. ವ್ಯಾನಿಗೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು. ಅದು ನಿಲ್ಲುತ್ತಿದ್ದುದು ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ, ಹಾಗಾಗಿ ಮೊದಲು ಹತ್ತುವವಳು ನಾನು. ಕಾರ್ಖಾನೆಯಲ್ಲಿ ನನ್ನ ಕೆಲಸ ಬಿಡಿಭಾಗಗಳನ್ನು ಅಳೆದು ಬರೆಯುವುದು. ಮನೆಗೆ ಬಂದರೂ ಆ ಚಾಳಿ ಬಿಡುತ್ತಿರಲಿಲ್ಲ. ಎಷ್ಟು ಗಂಟೆಗೆ ಹೊರಟೆವು, ಎಷ್ಟಕ್ಕೆ ಮುಟ್ಟಿದೆವು, ಕಾಡಿನ ದಾರಿಯಲ್ಲಿ ಆನೆಗಾಗಿ ಎಷ್ಟು ಹೊತ್ತು ನಿಂತೆವು — ಎಲ್ಲವನ್ನೂ ಬರೆದಿಡುತ್ತಿದ್ದೆ.

ವ್ಯಾನಿನ ಕೂಲೆಂಟು, ಅಂದರೆ ಇಂಜಿನ್ನನ್ನು ತಣ್ಣಗಿಡುವ ರೇಡಿಯೇಟರಿನ ನೀರು, ಕಡಿಮೆಯಾಗತೊಡಗಿದಾಗ ಅವರು ನನ್ನನ್ನೇ ಕೇಳಿದರು. ದಿನಾ ಎಷ್ಟು ಸುರಿಯುತ್ತೇವೆಂದು ಬರೆದಿಟ್ಟರೆ ಎಲ್ಲಿ ಹೋಗುತ್ತಿದೆಯೆಂದು ಹುಡುಕಬಹುದು ಅಂದರು. ವ್ಯಾನಿನ ಯಜಮಾನರು ಕೇಳಿದರೆ ತೋರಿಸಲು ದಿನದ ಸಾಲಿನ ಕೆಳಗೆ ತಮ್ಮದೊಂದು ರುಜುವೂ ಇರಲಿ ಅಂದರು. ನಾನು ಆನೇಕಲ್ಲಿನಲ್ಲಿ ಓದಿದವಳು, ಬರೆಯುತ್ತಿದ್ದುದು ಕನ್ನಡದಲ್ಲಿ. ಅವರು ಮನೆಯಲ್ಲಿ ಕನ್ನಡ ಆಡಿದರೂ ಕಲಿತದ್ದು ತಮಿಳು ಶಾಲೆಯಲ್ಲಿ. ಕನ್ನಡದ ಒಂದಕ್ಷರವೂ ಓದಲು ಬರದು. ನಾನು ಕನ್ನಡದಲ್ಲಿ ಬರೆದದ್ದರ ಕೆಳಗೆ ಅವರು ತಮಿಳಿನಲ್ಲಿ ರುಜು ಹಾಕುತ್ತಿದ್ದರು. ಏನು ಬರೆದಿದ್ದೀ ಎಂದು ಒಂದು ದಿನವೂ ಕೇಳಲಿಲ್ಲ.

ಹದಿನೇಳು ದಿನ ಬರೆದೆ. ಒಟ್ಟು ಹದಿನಾರು ಲೀಟರು. ರಾತ್ರಿ ವ್ಯಾನಿನ ಕೆಳಗೆ ಹಾಸಿದ ರಟ್ಟು ಬೆಳಿಗ್ಗೆ ಒಣಗಿಯೇ ಇರುತ್ತಿತ್ತು. ಭಾನುವಾರ ವ್ಯಾನು ಓಡದಿದ್ದರೆ ಸೋಮವಾರ ಒಂದು ಲೋಟವೂ ಹಿಡಿಸುತ್ತಿರಲಿಲ್ಲ. ಅಂದರೆ ಇಂಜಿನ್ನು ಬಿಸಿಯಾಗಿ ಓಡುವಾಗ ಮಾತ್ರ ಸೋರುತ್ತದೆ. ಹದಿನೇಳನೆಯ ದಿನ, ಗುರುವಾರ ಸಂಜೆ, ಅವರು ಪೈಪುಗಳನ್ನೂ ಪಂಪನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ, ಹಿಂದಿನ ಸೀಟಿನ ಸರೋಜಕ್ಕನ ಹತ್ತಿರ ಮುಖದ ಪೌಡರಿನ ಡಬ್ಬಿ ಇಸಿದುಕೊಂಡರು.

“ಏನಣ್ಣೋ, ವ್ಯಾನಿಗೆ ಗಂಡು ನೋಡಕ್ ಬತ್ತಾವ್ರಾ?” ಅಂದಳು ಸರೋಜಕ್ಕ.

“ಹೂಂ ಕಣವ್ವ. ನಿನ್ ಪೌಡ್ರು ನಿನ್ಗಂತೂ ಕೆಲ್ಸ ಮಾಡ್ಲಿಲ್ಲ, ಇದ್ಕಾದ್ರೂ ಮಾಡ್ಲಿ.”

ಎಲ್ಲ ಜೋಡಣೆಗಳ ಮೇಲೂ ಪೌಡರು ಉದುರಿಸಿ ಇಂಜಿನ್ನು ಓಡಿಸಿದರು. ಕಾಲು ಗಂಟೆಯ ನಂತರ ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ಆ ಬಿಳುಪಿನ ಮೇಲೆ ಒಂದು ಒದ್ದೆ ಗೆರೆ ಇಳಿಯಿತು. ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಯಜಮಾನರಿಗೆ ಫೋನು ಹೋಯಿತು. ಭಾನುವಾರ ಪಂಪು ಬದಲಿಸುವುದೆಂದಾಯಿತು. ಅಲ್ಲಿಯವರೆಗೆ ಹೊರಡುವ ಮುಂಚೆ ನೀರು ತುಂಬಿಕೊಂಡರೆ ಸಾಕು. ಇನ್ನು ಎರಡೇ ದಿನ —

ಶುಕ್ರವಾರ ಬೆಳಿಗ್ಗೆ ಅವರು ಹಿಂದಿನ ಟೈರಿಗೆ ಗಾಳಿ ತುಂಬುತ್ತಿದ್ದರು. ಬಾನೆಟ್ಟು ತೆರೆದಿತ್ತು, ನೀರಿನ ಕ್ಯಾನು ನನ್ನ ಕಾಲ ಬಳಿಯೇ ಇತ್ತು. ನೀರು ಹಾಕಿಬಿಡು ಅಂದರು. ನಾನು ಪುಸ್ತಕದಲ್ಲಿ ಪಂಪಿನ ಚಿತ್ರ ಬರೆಯುತ್ತಿದ್ದೆ, ಸೋರುವ ತೂತಿಗೊಂದು ಬಾಣದ ಗುರುತು ಹಾಕಿ. ಅವರು ಬಂದು “ಹಾಕ್ದಾ ಅಮ್ಮಣ್ಣಿ?” ಅಂದಾಗ ತಲೆಯೆತ್ತದೆ “ಹೂಂ” ಅಂದೆ. ಚಿತ್ರ ಮುಗಿಸಿ ಹಾಕೋಣವೆಂದಿತ್ತೇ? ಇರಲಿಲ್ಲ. ಕೇಳಿಸಿಕೊಂಡೇ ಇರಲಿಲ್ಲವೇ? ಕೇಳಿಸಿತ್ತು. ಅವರು ಬಾನೆಟ್ಟು ಮುಚ್ಚಿದರು.

ಆ ವ್ಯಾನಿನಲ್ಲಿ ಬಿಸಿ ತೋರಿಸುವ ಮುಳ್ಳು ಎಂದೋ ಸತ್ತುಹೋಗಿತ್ತು. ಸಾನಮಾವಿನ ಏರಿನಲ್ಲಿ ಇಂಜಿನ್ನು ಕರಕರ ಸದ್ದು ಮಾಡಿ ಹಿಡಿದುಕೊಂಡು ನಿಂತೇಹೋಯಿತು. ಹೆಂಗಸರೆಲ್ಲ ಇಳಿದು, ಕಾಡಿನ ಕಡೆ ಕಣ್ಣಿಟ್ಟು, ಇನ್ನೊಂದು ಗಾಡಿಗಾಗಿ ಕಾದರು. ತಿಮ್ಮರಾಯಣ್ಣ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಯಜಮಾನರು ಬರುತ್ತಿದ್ದಾರೆಂದು ಗೊತ್ತಾದಾಗ ನಾನು ಪುಸ್ತಕ ತೆಗೆದೆ. ಆ ದಿನದ ಸಾಲು ಖಾಲಿಯಿತ್ತು. ಒಂದು ಲೀಟರು ಎಂದು ಬರೆದರೆ ರೇಡಿಯೇಟರು ಬಿಚ್ಚಿದ ಕೂಡಲೇ ಸುಳ್ಳು ಬಯಲಾಗುತ್ತದೆ. ಅಲ್ಲದೆ ಆ ಪುಸ್ತಕದಲ್ಲಿ ತಪ್ಪು ಅಂಕಿ ಬರೆಯಲು ನನ್ನ ಕೈ ಒಪ್ಪಲಿಲ್ಲ. ತಪ್ಪು ಹೆಸರು ಬರೆಯಲು ಒಪ್ಪಿತು — “ನೀರು ಹಾಕಿಲ್ಲ. ತಿಮ್ಮರಾಯಣ್ಣ ಮರೆತರು.” ಎಂದಿನಂತೆ ಅವರ ಮುಂದೆ ಹಿಡಿದೆ. ಎಂದಿನಂತೆ ರುಜು ಹಾಕಿದರು.

ಯಜಮಾನರು ಬಾಗಲೂರಿನವರು, ಕನ್ನಡ ಓದಬಲ್ಲವರು. ಬಂದವರೇ ನೀರು ಹಾಕಿದ್ದೆಯೇನಯ್ಯಾ ಎಂದು ಕೇಳಿದರು. ಆಗ ತಿಮ್ಮರಾಯಣ್ಣ ನನ್ನ ಹೆಸರೆತ್ತಲಿಲ್ಲ. “ಆ ಪುಸ್ತಕ ನೋಡಿ ಸಾಮಿ, ಅದ್ರಾಗೆ ಎಲ್ಲಾ ಐತೆ” ಅಂದರು. ಯಜಮಾನರು ನೋಡಿದರು. ಗಟ್ಟಿಯಾಗಿ ಓದಿದರು. ಕೆಳಗಿನ ರುಜುವಿನ ಮೇಲೆ ಬೆರಳಿಟ್ಟು ಇದು ನಿನ್ನದೇ ತಾನೇ ಅಂದರು.

ತಿಮ್ಮರಾಯಣ್ಣ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ — ಏನನ್ನೋ ನೆನಪಿಗೆ ತಂದುಕೊಳ್ಳುವವರ ಹಾಗೆ. ಆಮೇಲೆ ಅಂದರು: “ಅಮ್ಮಣ್ಣಿ ಬರ್ದೈತೆ ಅಂದ್ರೆ ಸರಿಯಾಗೇ ಇರ್ತದೆ. ನಾನೇ ಮರ್ತಿರ್ಬೇಕು.”

ನಾನು ಪುಸ್ತಕ ಹಿಂದಕ್ಕೆ ತೆಗೆದುಕೊಂಡು ಚೀಲಕ್ಕೆ ಹಾಕಿದೆ.

ಯಜಮಾನರು ಅವರನ್ನು ಕೆಲಸದಿಂದ ಬಿಡಿಸಲಿಲ್ಲ. ಬೈದರು, ಅಷ್ಟೆ. ಒಂದು ವಾರದ ನಂತರ ತಿಮ್ಮರಾಯಣ್ಣ ತಾವಾಗಿಯೇ ಬೀಗದಕೈ ಕೊಟ್ಟುಬಿಟ್ಟರು. ಮರೆವಿನವನು ಹನ್ನೊಂದು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಓಡಿಸಬಾರದು ಅಂದರಂತೆ. ಡೆಂಕಣಿಕೋಟೆ ಹತ್ತಿರದ ಹೆಂಡತಿಯ ಊರಿಗೆ ಹೋದರು. ಕೂಲಿಯೋ ಏನೋ ಮಾಡಿಕೊಂಡು ಚೆನ್ನಾಗಿದ್ದಾರೆಂದು ನಾನೇ ಅಂದುಕೊಂಡೆ — ಯಾರನ್ನೂ ಕೇಳದೆ.

ಈ ವರ್ಷ ಡೆಂಕಣಿಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಅವರ ಹೆಂಡತಿ ರತ್ನಮ್ಮ ಸಿಕ್ಕರು. ಅವರ ಬಾಯಿಂದಲೇ ತಿಳಿಯಿತು. ತಿಮ್ಮರಾಯಣ್ಣ ಈಗ ಸೈಕಲ್ಲನ್ನೂ ಮುಟ್ಟುವುದಿಲ್ಲ. ಬಾಗಿಲು ಹಾಕಿದೆನಾ, ಒಲೆ ಆರಿಸಿದೆನಾ, ಹಸುವಿಗೆ ನೀರು ಇಟ್ಟೆನಾ ಎಂದು ಕೇಳಿದ್ದನ್ನೇ ಕೇಳುತ್ತಾರೆ. ಒಂದನ್ನೂ ಮರೆತಿರುವುದಿಲ್ಲ. ಆದರೂ ಕೇಳುತ್ತಾರೆ. ಡಾಕ್ಟರು ನೋಡಿ ಏನೂ ಇಲ್ಲ ಅಂದರಂತೆ.

ಮುಂದಿನ ಭಾನುವಾರ ಹೋದೆ. ನೀವು ಮರೆತಿರಲಿಲ್ಲ ಅಣ್ಣಾ, ನನಗೆ ಹೇಳಿದ್ದಿರಿ, ನಾನು ಹಾಕಲಿಲ್ಲ, ಬರೆದದ್ದು ಸುಳ್ಳು ಅಂದೆ. ನಾಲ್ಕು ಸಲ ಬಾಯಿಪಾಠ ಮಾಡಿಕೊಂಡು ಹೋಗಿದ್ದರಿಂದ ಒಂದು ಮಾತೂ ಬಿಡಲಿಲ್ಲ. ಅವರು ನಕ್ಕರು. ನನ್ನ ತಲೆ ಸವರಿದರು.

“ನನ್ ಸಮಾಧಾನಕ್ಕೆ ಅಂತ ಇಷ್ಟ್ ದೂರ ಬಂದ್ಯಾ? ನನ್ಗೂ ಹಂಗೇ ನೆಪ್ಪಿತ್ತು ಕಣಮ್ಮಣ್ಣಿ, ನಿನ್ಗೆ ಹೇಳ್ದಂಗೆ. ಯಜಮಾನ್ರು ಪುಸ್ತಕ ಓದುದ್ ಮ್ಯಾಲೆ ತಿಳೀತು, ನನ್ ನೆಪ್ಪೇ ನನ್ಗೆ ಸುಳ್ಳು ಹೇಳ್ತದೆ ಅಂತ.”

ಮತ್ತೆ ಮೂರು ಭಾನುವಾರ ಹೋದೆ. ಪುಸ್ತಕ ಒಯ್ದು ಆ ಸಾಲಿನ ಮೇಲೆ ಗೀಟು ಎಳೆದು ತೋರಿಸಿದೆ. ಒಳ್ಳೇ ಪುಸ್ತಕ, ಯಾಕೆ ಕೆಡಿಸುತ್ತೀ ಅಂದರು. ಯಜಮಾನರಿಗೆ ಹೇಳಿದೆ, ವ್ಯಾನು ಗುಜರಿಗೆ ಹೋಗಿ ಯಾವ ಕಾಲವಾಯಿತು, ಈಗೇಕೆ ಅದು ಅಂದರು. ಉಳಿದ ಹತ್ತು ಹೆಂಗಸರಲ್ಲಿ ಏಳು ಮಂದಿ ಸಿಕ್ಕರು, ಏಳು ಮಂದಿಗೂ ಹೇಳಿದೆ. ಸರೋಜಕ್ಕ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ಅವಳು ಮಾಡಿದ್ದು ಸರಿ.

ನಾಲ್ಕನೆಯ ಸಲ ರತ್ನಮ್ಮ ನನ್ನೊಡನೆ ರಸ್ತೆಯವರೆಗೆ ಬಂದರು. ಅವರಿಗೆ ನನ್ನ ಮಾತಿನಲ್ಲಿ ನಂಬಿಕೆ ಬಂದಿತ್ತೆಂದು ಕಾಣುತ್ತದೆ. ನನ್ನ ಮುಖ ನೋಡದೆಯೇ ಮಾತಾಡಿದರು.

“ಇನ್ ಬರ್ಬ್ಯಾಡಮ್ಮ. ನೀನ್ ಬಂದೋದ್ ದಿನ ಊಟ ಬಿಟ್ಟು ಅದನ್ನೇ ಯೋಚ್ನೆ ಮಾಡ್ತಾ ಕುಂತಿರ್ತದೆ ಆವಪ್ಪ. ನೀನ್ ಹೇಳೋದ್ ಅದ್ರ ತಲೆಗೆ ಹೋಗಕಿಲ್ಲ. ಇರೋ ಅಷ್ಟ್ ನೆಮ್ದೀನಾರಾ ಇರ್ಲಿ, ಬುಟ್ಬುಡು.”

ಹೋಗುವುದಿಲ್ಲವೆಂದು ಅವರಿಗೆ ಮಾತು ಕೊಟ್ಟೆ. ಐದು ತಿಂಗಳಾಯಿತು. ಹೋಗಿಲ್ಲ.